ಸ್ಲ್ಯಾಶ್ ಎಕ್ಸಾಂಪಲ್ಸ್

ಜಯನಗರದ ಒಂದು ಕ್ರಾಸ್‌ನಲ್ಲಿ ಒಬ್ಬರು ಆಂಟಿ ತಮ್ಮ ಮನೆಯ ಮುಂದಿನ ರೂಮಿನಲ್ಲೇ ಲೈಬ್ರರಿ ನಡೆಸುತ್ತಾರೆ. ನಾವು ಮೂರೂ ಜನ ಚಿಕ್ಕವರಿದ್ದಾಗ ಟಿಂಕಲ್, ಅಮರ ಚಿತ್ರಕಥೆ ತಂದು ಓದಿದ್ದು ಅಲ್ಲಿಂದಲೇ. ಥರ್ಡ್ ಸೆಮ್ ಮುಗಿದ ರಜೆಯಲ್ಲಿ ಕೈಯಲ್ಲಿ ಕೆಲಸ ಇರಲಿಲ್ಲ, ರೆಸ್ಯೂಮೆಯಲ್ಲಿ ಪ್ರಾಜೆಕ್ಟೂ ಇರಲಿಲ್ಲ. "ಆಂಟಿ, ನಿಮ್ಮ ಲೈಬ್ರರಿಗೆ ವೆಬ್‌ಸೈಟ್ ಮಾಡಿಕೊಡ್ತೀವಿ" ಅಂದ್ವಿ. ಅವರ ಹತ್ತಿರ ಇದ್ದದ್ದು ಕೆಂಪು ಬೈಂಡಿನ ಒಂದು ದಪ್ಪ ರಿಜಿಸ್ಟರ್. ಯಾರು ಯಾವ ಪುಸ್ತಕ ತಗೊಂಡರು, ಯಾವಾಗ ವಾಪಸ್ ಕೊಡಬೇಕು, ಫೋನ್ ನಂಬರ್, ಮನೆ ವಿಳಾಸ. ಕೊನೆಯಲ್ಲಿ "ಷರಾ" ಅಂತ ಒಂದು ಕಾಲಂ. ಆ ಪದದ ಅರ್ಥ ಅವರನ್ನೇ ಕೇಳಿ ತಿಳ್ಕೊಂಡ್ವಿ. ನಮ್ಮದು ಇಂಗ್ಲಿಷ್ ಮೀಡಿಯಂ, ನಗಬೇಡಿ.

ಎರಡು ವಾರದಲ್ಲಿ ಎಲ್ಲವನ್ನೂ ಡೇಟಾಬೇಸಿಗೆ ಹಾಕಿದ್ವಿ, ಷರಾ ಕಾಲಮ್ಮನ್ನೂ ಬಿಡದೆ. ಸಂಬಳ ಅಂದರೆ ಹೋದಾಗಲೆಲ್ಲ ಕೋಡುಬಳೆ, ಕಾಫಿ.

ಸರ್ವರ್ ಏರಿಸಿದ್ದು ಬಿಟಿಎಂ ಲೇಔಟಿನಲ್ಲಿ ನಮ್ಮಲ್ಲೊಬ್ಬನ ಪಿಜಿ ರೂಮಿನಲ್ಲಿ ಕೂತು, ರಾತ್ರಿ ಒಂದು ಗಂಟೆಗೆ. ಕ್ಲೌಡ್‌ನಲ್ಲಿ ಸಿಗುವ ಅತಿ ಚಿಕ್ಕ ಮಷೀನು. ಸೀನಿಯರ್ ಒಬ್ಬರ ಪೆನ್‌ಡ್ರೈವಿನಲ್ಲಿ ಬಂದ ಹಳೆಯ ಟಾಮ್‌ಕ್ಯಾಟ್ 9. ವೆಬ್‌ಆ್ಯಪ್ಸ್ ಫೋಲ್ಡರ್ ತೆಗೆದರೆ ಅದರಲ್ಲಿ ಐದು ಫೋಲ್ಡರ್: ರೂಟ್, ಡಾಕ್ಸ್, ಎಕ್ಸಾಂಪಲ್ಸ್, ಮ್ಯಾನೇಜರ್, ಹೋಸ್ಟ್ ಮ್ಯಾನೇಜರ್. ರೂಟ್ ಅಳಿಸಿ ಆ ಜಾಗದಲ್ಲಿ ನಮ್ಮದನ್ನು ಇಟ್ವಿ. "ಇದೇನೋ ಎಕ್ಸಾಂಪಲ್ಸ್?" ಅಂತ ಒಬ್ಬ ಕೇಳಿದ. "ಇರ್ಲಿ ಬಿಡೋ, ಮುಟ್ಟಿದ್ರೆ ಇನ್ನೇನಾದ್ರೂ ಕೆಟ್ಟೋಗುತ್ತೆ" ಅಂತ ಇನ್ನೊಬ್ಬ ಅಂದ. ಯಾರು ಅಂದಿದ್ದು ಅಂತ ಹೇಳಲ್ಲ. "ನಾವು" ಅಂತ ಬರೆಯೋದರಲ್ಲಿ ಇರೋ ಅನುಕೂಲವೇ ಅದು.

ಒಂದು ತಿಂಗಳು ಕಳೀತು. ಆ ಪೆನ್‌ಡ್ರೈವಿನ ಸೀನಿಯರ್ ಅಣ್ಣ ಈಗ ಕೆಲಸದಲ್ಲಿದ್ದಾರೆ. ಒಂದು ಭಾನುವಾರ ಬನಶಂಕರಿಯ ದರ್ಶಿನಿಯೊಂದರಲ್ಲಿ ಸಿಕ್ಕಾಗ ನಮ್ಮ ಸೈಟ್ ತೋರಿಸಿದ್ವಿ. ದೋಸೆ ಪ್ಲೇಟು ಪಕ್ಕಕ್ಕಿಟ್ಟು, ನಮ್ಮ ವಿಳಾಸದ ಮುಂದೆ ಸ್ಲ್ಯಾಶ್ ಹಾಕಿ ಎಕ್ಸಾಂಪಲ್ಸ್ ಅಂತ ಟೈಪ್ ಮಾಡಿದರು. ಟಾಮ್‌ಕ್ಯಾಟಿನ ಮಾದರಿ ಪುಟ ತೆರೆದುಕೊಂಡಿತು. ಸರ್ವ್‌ಲೆಟ್ ಉದಾಹರಣೆ, ಜೆಎಸ್‌ಪಿ ಉದಾಹರಣೆ, ವೆಬ್‌ಸಾಕೆಟ್ ಉದಾಹರಣೆ. ಆಂಟಿಯ ಲೈಬ್ರರಿ ವಿಳಾಸದಲ್ಲೇ. "ಇದು ಇಲ್ಲಿ ಯಾಕಿದೆ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. "ಅದು ಬರೀ ಸ್ಯಾಂಪಲ್ ಅಲ್ವಾ ಅಣ್ಣ, ಅದರಲ್ಲಿ ನಮ್ಮ ಡೇಟಾ ಏನೂ ಇಲ್ಲ" ಅಂದ್ವಿ. "ಟಾಮ್‌ಕ್ಯಾಟ್ ಡಾಕ್ಯುಮೆಂಟೇಶನ್ನಲ್ಲಿ ಸೆಕ್ಯೂರಿಟಿ ಪುಟ ಓದಿ, ಆಮೇಲೆ ಮಾತಾಡೋಣ" ಅಂತ ಹೇಳಿ ಕಾಫಿ ತರೋಕೆ ಹೋದರು.

ಓದಿದ್ವಿ. ಸುರಕ್ಷತೆ ಮುಖ್ಯವಾದ ಕಡೆ ಈ ಉದಾಹರಣೆಗಳನ್ನು ಯಾವಾಗಲೂ ತೆಗೆದುಹಾಕಿ ಅಂತ ಅಲ್ಲೇ ಇದೆ. ಕಾರಣವೂ ಇದೆ: ಅವುಗಳಲ್ಲೇ ಗೊತ್ತಿರುವ ದೋಷ ಇಲ್ಲದಿದ್ದರೂ, ಪಕ್ಕದ ಅಪ್ಲಿಕೇಶನ್ನಿನಲ್ಲಿ ದೋಷ ಇದ್ದರೆ ಅದರ ಜೊತೆ ಸೇರಿಸಿ ಬಳಸಬಹುದು, ಅದರಲ್ಲೂ ಕುಕಿ ತೋರಿಸುವ ಉದಾಹರಣೆಯನ್ನು. "ಪಕ್ಕದ ಅಪ್ಲಿಕೇಶನ್" ಅಂದರೆ ನಮ್ಮದು. ನಮ್ಮದರಲ್ಲಿ ದೋಷ ಇದೆಯಾ ಅಂತ ಹುಡುಕೋಕೆ ಕಷ್ಟವೇನೂ ಪಡಲಿಲ್ಲ.

ಸದಸ್ಯರು ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯಲಿ ಅಂತ ಒಂದು ಬಾಕ್ಸ್ ಇಟ್ಟಿದ್ವಿ. ಅದರಲ್ಲಿ ಬರೆದದ್ದನ್ನು ಸೋಸದೆ ಹಾಗೇ ಪುಟದಲ್ಲಿ ತೋರಿಸ್ತಿದ್ವಿ. ಯಾರಾದರೂ ಅಭಿಪ್ರಾಯದ ಬದಲು ಜಾವಾಸ್ಕ್ರಿಪ್ಟ್ ಬರೆದರೆ, ಆ ಪುಟ ನೋಡಿದವರ ಬ್ರೌಸರ್‌ನಲ್ಲಿ ಅದು ಓಡುತ್ತೆ. ಸಮಾಧಾನ ಏನು ಅಂದರೆ, ಲಾಗಿನ್ ಕುಕಿಗೆ ಎಚ್‌ಟಿಟಿಪಿ ಓನ್ಲಿ ಅಂತ ಗುರುತು ಹಾಕಿದ್ವಿ. ಆ ಗುರುತಿದ್ದರೆ ಸ್ಕ್ರಿಪ್ಟ್ ಕುಕಿಯನ್ನು ಓದೋಕಾಗಲ್ಲ, ಬ್ರೌಸರ್ ಬಿಡಲ್ಲ. ನಮ್ಮ ಒಂದೇ ಒಂದು ಜಾಣತನ ಅದು.

ಆ ಜಾಣತನವನ್ನು ಎಕ್ಸಾಂಪಲ್ಸ್ ಫೋಲ್ಡರ್ ನೀರಿಗೆ ಹಾಕಿತ್ತು. ಅದರ ಕುಕಿ ಉದಾಹರಣೆ ಮಾಡೋದು ಇಷ್ಟೇ: ನಿಮ್ಮ ಬ್ರೌಸರ್ ಕಳಿಸಿದ ಕುಕಿಗಳನ್ನೆಲ್ಲ ಪುಟದ ಮೇಲೆ ಅಕ್ಷರದಲ್ಲಿ ಬರೆದು ತೋರಿಸುತ್ತೆ. ಕಲಿಯೋರಿಗೆ ಚೆನ್ನಾಗಿದೆ. ಆದರೆ ನಮ್ಮ ಆ್ಯಪ್ ರೂಟ್‌ನಲ್ಲಿ ಇದ್ದದ್ದರಿಂದ ನಮ್ಮ ಕುಕಿ ಇಡೀ ಸೈಟಿಗೆ ಹೋಗುತ್ತೆ, ಆ ಪುಟಕ್ಕೂ. ಎರಡೂ ಒಂದೇ ವಿಳಾಸದಲ್ಲಿ ಇರೋದರಿಂದ ಸ್ಕ್ರಿಪ್ಟ್ ಆ ಪುಟವನ್ನು ತರಿಸಿಕೊಂಡು ಓದೋಕೆ ಬ್ರೌಸರ್ ಅಡ್ಡಿ ಮಾಡಲ್ಲ. ಕುಕಿಯನ್ನು ಓದೋಕಾಗಲ್ಲ ಸರಿ, ಕುಕಿ ಬರೆದಿರುವ ಪುಟವನ್ನು ಓದಬಹುದಲ್ಲ! ಟಾಮ್‌ಕ್ಯಾಟ್ ತನ್ನ ಸೆಷನ್ ಕುಕಿಯನ್ನು ಅಲ್ಲಿ ಮರೆಮಾಡುತ್ತೆ. ನಾವು ಹೆಸರಿಟ್ಟ ಕುಕಿ ಅದಕ್ಕೆ ಹೇಗೆ ಗೊತ್ತಾಗಬೇಕು?

ನಮ್ಮದೇ ಲ್ಯಾಪ್‌ಟಾಪಿನಲ್ಲಿ ಸೈಟಿನ ನಕಲು ಇಟ್ಟು ಮಾಡಿ ನೋಡಿದ್ವಿ. ಇಪ್ಪತ್ತು ನಿಮಿಷ. ಸಾಮಾನ್ಯ ಸದಸ್ಯನಾಗಿ ಒಂದು "ಅಭಿಪ್ರಾಯ" ಬರೆದ್ವಿ, ಆಂಟಿಯ ಲಾಗಿನ್‌ನಿಂದ ಆ ಪುಟ ತೆರೆದ್ವಿ, ಆಂಟಿಯ ಟೋಕನ್ ನಮ್ಮ ಕೈಯಲ್ಲಿತ್ತು. ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಇದು ಹಳೇ ಕಾಯಿಲೆ ಅಂತ ಆಮೇಲೆ ಗೊತ್ತಾಯ್ತು. 1996ರಲ್ಲೇ ಎನ್‌ಸಿಎಸ್‌ಎ ಮತ್ತು ಅಪಾಚೆ ವೆಬ್ ಸರ್ವರ್‌ಗಳ ಜೊತೆ ಪಿಎಚ್‌ಎಫ್ ಅನ್ನೋ ಮಾದರಿ ಪ್ರೋಗ್ರಾಂ ಬರ್ತಿತ್ತು, ಫೋನ್‌ಬುಕ್ಕಿನಲ್ಲಿ ಹೆಸರು ಹುಡುಕೋಕೆ. ಅಪಾಯದ ಅಕ್ಷರಗಳನ್ನು ಅದು ಸೋಸುತ್ತಿತ್ತು, ಹೊಸ ಸಾಲಿನ ಅಕ್ಷರವೊಂದನ್ನು ಮಾತ್ರ ಮರೆತಿತ್ತು. ಆ ಒಂದು ಅಕ್ಷರದ ಹಿಂದೆ ಏನು ಕಮಾಂಡ್ ಬರೆದರೂ ಸರ್ವರ್ ಓಡಿಸ್ತಿತ್ತು, ಜನ ಪಾಸ್‌ವರ್ಡ್ ಫೈಲನ್ನೇ ಓದಿಕೊಂಡರು. 1999ರಲ್ಲಿ ಮೈಕ್ರೋಸಾಫ್ಟಿನ ಐಐಎಸ್ ಜೊತೆ ಬರ್ತಿದ್ದ ಶೋಕೋಡ್ ಅನ್ನೋ ಮಾದರಿ ಪುಟದ್ದೂ ಇದೇ ಕಥೆ. ಮಾದರಿಗಳ ಸೋರ್ಸ್ ಕೋಡ್ ತೋರಿಸೋದು ಅದರ ಕೆಲಸ. ಎರಡು ಚುಕ್ಕಿ ಮತ್ತು ಸ್ಲ್ಯಾಶ್ ಹಾಕುತ್ತಾ ಮೇಲಿನ ಫೋಲ್ಡರಿಗೆ ಹೋದರೆ ಬೇರೆ ಫೈಲುಗಳನ್ನೂ ತೋರಿಸ್ತಿತ್ತು. ಎರಡೂ ಕಲಿಸೋಕೆ ಅಂತ ಇಟ್ಟದ್ದು. ನಾವು ಹುಟ್ಟೋಕೆ ಮುಂಚಿನ ತಪ್ಪನ್ನು ನಾವು ಬಿಟಿಎಂನಲ್ಲಿ ಮತ್ತೆ ಮಾಡಿದ್ವಿ.

ಫೋಲ್ಡರ್ ಅಳಿಸೋಕೆ ಒಂದು ನಿಮಿಷವೂ ಬೇಕಾಗಲಿಲ್ಲ. ನಮ್ಮದಲ್ಲದ ನಾಲ್ಕನ್ನೂ ಅಳಿಸಿದ್ವಿ. ಅಭಿಪ್ರಾಯದ ಬಾಕ್ಸ್ ಸರಿ ಮಾಡೋಕೆ ಒಂದು ಸಂಜೆ. ಅದಲ್ಲ ಕಷ್ಟ. ನಮಗಿಂತ ಮುಂಚೆ ಬೇರೆ ಯಾರಾದರೂ ಬಂದು ಹೋಗಿದ್ದಾರಾ?

ಆ್ಯಕ್ಸೆಸ್ ಲಾಗ್ ತೆರೆದ್ವಿ. ಯಾರಿಗೂ ಗೊತ್ತಿಲ್ಲದ ನಮ್ಮ ಪುಟ್ಟ ಸೈಟಿಗೆ ದಿನಾ ಎಲ್ಲೆಲ್ಲಿಂದಲೋ ಬಾಟ್‌ಗಳು ಬಂದು ಬಾಗಿಲು ತಟ್ಟಿದ್ದವು. ಮ್ಯಾನೇಜರ್ ಕೇಳಿದವಕ್ಕೆ 403 ಸಿಕ್ಕಿತ್ತು. ನಾವು ಹಾಕೇ ಇಲ್ಲದ ಪಿಎಚ್‌ಪಿ ಮೈಅಡ್ಮಿನ್ ಕೇಳಿದವಕ್ಕೆ 404. ಎಕ್ಸಾಂಪಲ್ಸ್ ಕೇಳಿದವಕ್ಕೆ 200, ಅಂದರೆ "ಬನ್ನಿ". ಕುಕಿ ಪುಟಕ್ಕೆ ಹೋದವರು ಮಾತ್ರ ಕಾಣಲಿಲ್ಲ. ಉಸಿರು ಬಿಡೋಷ್ಟರಲ್ಲಿ ನಮ್ಮಲ್ಲೊಬ್ಬ ಮೆತ್ತಗೆ ಹೇಳಿದ: ಡಿಸ್ಕ್ ಚಿಕ್ಕದು ಅಂತ ಹತ್ತು ದಿನಕ್ಕಿಂತ ಹಳೆಯ ಲಾಗ್ ತಾನಾಗೇ ಅಳಿಸುವ ಹಾಗೆ ಮಾಡಿಟ್ಟಿದ್ದೀನಿ. ಸೈಟ್ ಶುರುವಾಗಿ ತಿಂಗಳಾಗಿತ್ತು. ಮೊದಲ ಇಪ್ಪತ್ತು ದಿನದ ಲೆಕ್ಕ ಯಾರ ಹತ್ತಿರವೂ ಇಲ್ಲ. ಕಂಪನಿಗಳು 180 ದಿನದ ಲಾಗ್ ಇಟ್ಟಿರಬೇಕು ಅಂತ ಸರ್ಟ್-ಇನ್ 2022ರಲ್ಲೇ ನಿರ್ದೇಶನ ಕೊಟ್ಟಿದೆ. ಅದು ಯಾಕೆ ಬೇಕು ಅಂತ ಆವತ್ತು ಅರ್ಥ ಆಯ್ತು.

ಆಮೇಲೆ ಷರಾ ಕಾಲಂ ಓದಿದ್ವಿ. ಟೈಪ್ ಮಾಡುವಾಗ ಅದೇನು ಅಂತ ಗಮನಿಸಿರಲೇ ಇಲ್ಲ. "ಮೇ 10ರವರೆಗೆ ಊರಲ್ಲಿಲ್ಲ." "ಮಗನ ಹತ್ತಿರ ಹೋಗಿದ್ದಾರೆ, ಎರಡು ತಿಂಗಳು." "ಒಬ್ಬರೇ ಇರೋದು, ಪುಸ್ತಕ ಮನೆಗೇ ತಲುಪಿಸಬೇಕು." ಪಕ್ಕದಲ್ಲೇ ವಿಳಾಸ.

ಆಂಟಿಗೆ ಹೇಳಬೇಕಾ ಬೇಡವಾ ಅಂತ ಎರಡು ದಿನ ಜಗಳ ಆಯ್ತು. ಸರಿ ಮಾಡಿದ್ದೀವಲ್ಲ, ಸುಮ್ಮನೆ ಯಾಕೆ ಹೆದರಿಸೋದು ಅನ್ನೋದು ಒಂದು ವಾದ. ಅದು ಅವರ ಮೇಲಿನ ಕಾಳಜಿ ಅಲ್ಲ, ನಮ್ಮ ಮುಖ ಉಳಿಸ್ಕೊಳ್ಳೋದು ಅಂತ ಎಲ್ಲರಿಗೂ ಗೊತ್ತಿತ್ತು. ಹೋಗಿ ಹೇಳಿದ್ವಿ. ಕುಕಿ ಗಿಕಿ ಏನೂ ಬೇಡ ಅಂತ, ಸಾಮಾನಿನ ಜೊತೆ ಬಂದಿದ್ದ ಯಾವುದೋ ಮಾದರಿ ಬಾಗಿಲನ್ನು ಮುಚ್ಚದೇ ಬಿಟ್ಟಿದ್ವಿ ಅಂದ್ವಿ.

"ಗೃಹಪ್ರವೇಶ ಆದ್ಮೇಲೂ ಸಾರ್ವೆ ಬಿಚ್ಚಿಲ್ಲ ಅನ್ನಿ" ಅಂದರು. ನಾವು ಅರ್ಧ ಗಂಟೆ ಹೇಳೋದನ್ನ ಅವರು ಒಂದು ಸಾಲಲ್ಲಿ ಹೇಳಿದರು. ಆಮೇಲೆ ಕೇಳಿದರು, "ಯಾರಾದ್ರೂ ಹತ್ತಿದ್ರೇನ್ರೋ?"

"ಗೊತ್ತಿಲ್ಲ ಆಂಟಿ" ಅಂದ್ವಿ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಇಬ್ಬರು ಅಲ್ಲೇ ಫೋನ್ ತೆಗೆದು ಬೇರೆ ಬೇರೆ ಸೈಟುಗಳ ಮುಂದೆ ಸ್ಲ್ಯಾಶ್ ಹಾಕೋಕೆ ಶುರು ಮಾಡಿದರು. ಬೇಡ ಮಾರಾಯ್ರೇ. ಅನುಮತಿ ಇಲ್ಲದೆ ಇನ್ನೊಬ್ಬರ ಸಿಸ್ಟಂ ಒಳಗೆ ಹೋಗೋದಕ್ಕೆ 2000ದ ಐಟಿ ಕಾಯ್ದೆಯಲ್ಲಿ 43 ಮತ್ತು 66ನೇ ಸೆಕ್ಷನ್ ಇವೆ. ನಿಮ್ಮ ಮಿನಿ ಪ್ರಾಜೆಕ್ಟಿನ ಸರ್ವರ್ ಇದೆಯಲ್ಲ, ಅದರ ವೆಬ್‌ಆ್ಯಪ್ಸ್ ಫೋಲ್ಡರ್ ತೆಗೆದು ನೋಡಿ.

ಸೈಟ್ ಈಗಲೂ ನಡೀತಿದೆ. ಪುಸ್ತಕದ ಹೆಸರು, ಸದಸ್ಯರ ನಂಬರ್, ವಾಪಸ್ ಕೊಡೋ ತಾರೀಖು, ಅಷ್ಟೇ ಅದರಲ್ಲಿ. ವಿಳಾಸ, ಷರಾ ಎರಡನ್ನೂ ತೆಗೆದ್ವಿ. ಷರಾ ಕಾಲಮ್ಮಿನಲ್ಲಿ ಹೆಸರಿದ್ದವರಿಗೆಲ್ಲ ಆಂಟಿ ಒಬ್ಬೊಬ್ಬರಿಗೇ ಫೋನ್ ಮಾಡಿದರು, ನಾವು ಪಕ್ಕದಲ್ಲಿ ಕೂತು ನಂಬರ್ ಓದಿ ಹೇಳಿದ್ವಿ. ಹೋದ ವಾರ ಹೋದಾಗ ಮೇಜಿನ ಮೇಲೆ ಅದೇ ಕೆಂಪು ಬೈಂಡಿನ ರಿಜಿಸ್ಟರ್ ಇತ್ತು. ಒಬ್ಬರು ತಾತ ಪುಸ್ತಕ ತಗೊಂಡು, ಮುಂದಿನ ವಾರ ಧರ್ಮಸ್ಥಳಕ್ಕೆ ಹೋಗ್ತಿದ್ದೀವಿ, ವಾಪಸ್ ಕೊಡೋದು ತಡ ಆಗುತ್ತೆ ಅಂದರು. ಆಂಟಿ ಪೆನ್ನಿನ ಕ್ಯಾಪ್ ತೆಗೆದು ಬರೆದುಕೊಂಡರು, ರಿಜಿಸ್ಟರನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ನಮಗೆ ಕೋಡುಬಳೆ ಕೊಟ್ಟರು.