ನೇಗಿಲು ತಾನಾಗಿ ಇಳಿದಾಗ

ಮುಂಗಾರು ಹಿಡಿದ ಮೇಲೆ ಘಟ್ಟದ ಬುಡದ ನಮ್ಮ ಅಮಾಸೆಬೈಲಿನ ಗದ್ದೆ ಯಾರಿಗಾಗಿಯೂ ಕಾಯದು. ಅಂಥ ಹೊತ್ತಿನಲ್ಲೇ ಮನೆಯ ಹಳೆಯ ಪುಟ್ಟ ಟ್ರ್ಯಾಕ್ಟರು, ಎತ್ತಿದ ನೇಗಿಲನ್ನು ತಾನಾಗಿ ಇಳಿಸತೊಡಗಿತು. ಪಂಪು ಒತ್ತಿದ ಎಣ್ಣೆಯು ಪಿಸ್ಟನ್ನನ್ನು ದೂಡಿ ನೇಗಿಲನ್ನೆತ್ತುವುದು. 1946ರಲ್ಲಿ ಬಂದ ಫರ್ಗ್ಯುಸನ್ನರ ಬೂದುಬಣ್ಣದ ಟ್ರ್ಯಾಕ್ಟರಿನಲ್ಲಿಯೂ ಇದೇ ಏರ್ಪಾಡು. ಹೊರಗೆ ತೊಟ್ಟೂ ಕಾಣದುದರಿಂದ ಸೋರಿಕೆ ಒಳಗಿನದೆಂದು ತಿಳಿದೆವು. ಮೇಸ್ತ್ರಿಯು ನೇಗಿಲನ್ನು ನೆಲಕ್ಕೂರಿಸಿ, ಮುಚ್ಚಳ ಬಿಚ್ಚಿ, ಸವೆದ ರಬ್ಬರಿನ ಬಳೆಯನ್ನು ಬದಲಿಸಿದನು. ಎಷ್ಟು ಅಲ್ಪ ವಸ್ತು!

ಆದರೆ ಹೊರಗಿನ ನಳಿಗೆಯು ಸೋರಿದಾಗ ಗೃಹಸ್ಥರು ಮಕ್ಕಳನ್ನು ದೂರವಿಡತಕ್ಕದ್ದು. ಒತ್ತಡದ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೊಗುವುದು. ಗಾಯವು ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸೋರುವೆಡೆಯನ್ನು ಹುಡುಕಲು ನಾವು ಬೆರಳನ್ನಲ್ಲ, ರಟ್ಟಿನ ತುಂಡನ್ನು ಹಿಡಿಯುತ್ತೇವೆ.