ಬಿಸಿಲಿಗೆ ಹೊದ್ದ ಕರಿ ಕಂಬಳಿ

ಮರುಭೂಮಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮರಳಿನ ದಿಬ್ಬ, ಸಾಲಾಗಿ ಹೊರಟ ಒಂಟೆ, ತಲೆ ತುಂಬ ಬಟ್ಟೆ ಸುತ್ತಿಕೊಂಡ ಜನ. ಸುಡುವ ಬಿಸಿಲಿನಲ್ಲಿ ಪ್ರಾಣಿಗಳು, ಮನುಷ್ಯರು ಹೇಗೆ ಬದುಕುತ್ತಾರೆ ಅಂತ ನೋಡೋದಕ್ಕೆ ರಾಜಸ್ಥಾನಕ್ಕೇ ಹೋಗಬೇಕು ಅಂತೇನಿಲ್ಲ. ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮ ಮೂಡಲಗಿಗೆ ಬನ್ನಿ.

ಮೂಡಲಗಿ ಮರುಭೂಮಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿ ಜಿಲ್ಲೆಯ ಊರು. ಮೊದಲು ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಘಟಪ್ರಭಾ ಕಾಲುವೆ ಹರಿದ ಕಡೆಯೆಲ್ಲ ಕಬ್ಬು ಆಳೆತ್ತರ ನಿಂತಿರುತ್ತದೆ. ಆದರೆ ಕಾಲುವೆ ಮುಟ್ಟದ ಮಡ್ಡಿಗೆ ಹತ್ತಿದರೆ ಬೇರೆಯೇ ಲೋಕ. ಪಶ್ಚಿಮದ ಮೋಡಗಳು ಸಹ್ಯಾದ್ರಿಯ ಮೇಲೆ ಸುರಿದು ಹಗುರಾಗಿ ನಮ್ಮ ಕಡೆ ಬರುತ್ತವೆ. ಹಾಗಾಗಿ ನಮ್ಮದು ಮಳೆ ನೆರಳಿನ ಸೀಮೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಎರೆ ಹೊಲ ಬಿರುಕು ಬಿಟ್ಟು ಬಾಯಿ ತೆರೆದಿರುತ್ತದೆ. ಜಾಲಿ ಗಿಡ ಬಿಟ್ಟರೆ ಹಸಿರು ಕಾಣೋದಿಲ್ಲ.

ಈ ಸಲ ಯುಗಾದಿಗೆ ಬೆಂಗಳೂರಿನಿಂದ ಊರಿಗೆ ಬಂದವನು ಹಬ್ಬ ಮುಗಿದ ಮೇಲೂ ನಾಲ್ಕು ದಿನ ಉಳಿದೆ. ಒಂದು ದಿನ ಮಧ್ಯಾಹ್ನ ಯಾದವಾಡದ ಕಡೆ ಬೈಕ್ ತಗೊಂಡು ಹೊರಟಿದ್ದೆ. ರಸ್ತೆ ಬದಿಯ ಮಡ್ಡಿಯಲ್ಲಿ ಕುರಿ ಹಿಂಡು ನಿಂತಿತ್ತು. ಕುರಿ ಕಾಯುತ್ತಿದ್ದವರು ನಮ್ಮ ಓಣಿಯವರೇ. ಸಣ್ಣವನಿದ್ದಾಗಿನಿಂದ ನಾನು ಕಾಕಾ ಅಂತ ಕರೆಯೋ ಹಿರಿಯರು. ತಲೆ ಮೇಲಿಂದ ಮೊಣಕಾಲಿನ ತನಕ ಕರಿ ಕಂಬಳಿ ಹೊದ್ದು, ಕೋಲಿಗೆ ಗದ್ದ ಊರಿ ನಿಂತಿದ್ದರು. ನಾನು ಕಾಟನ್ ಟೀಶರ್ಟ್ ಹಾಕಿಕೊಂಡಿದ್ದೆ. ಬೆವರು ಸುರಿಯುತ್ತಿತ್ತು.

‘ಕಾಕಾ, ಇಂಥಾ ಬಿಸಲಾಗ ಕಂಬಳಿ ಯಾಕ್ರಿ?’ ಅಂದೆ.

‘ಬಿಸಲ ಐತಿ ಅಂತನ ಹೊತ್ಕೊಂಡೇನಿ ತಮ್ಮಾ’ ಅಂದರು. ‘ಬಾ, ಒಳಗ ನಿಂತು ನೋಡು.’

ಕಂಬಳಿಯ ಒಂದು ಅಂಚು ಎತ್ತಿ ನನ್ನ ತಲೆ ಮೇಲೆ ಹಾಕಿದರು. ಕುರಿ ವಾಸನೆ, ಹೊಗೆ ವಾಸನೆ. ಕಂಬಳಿಯ ಹೊರಮೈ ಕೈಗೆ ಸುಡುತ್ತಿತ್ತು. ಒಳಗೆ ಮಾತ್ರ ಮರದ ನೆರಳಿನಲ್ಲಿ ನಿಂತ ಹಾಗೆ.

ಇದನ್ನು ಓದಿ ‘ಕಪ್ಪು ಬಣ್ಣ ಶಾಖ ಹೀರುತ್ತದಲ್ಲ, ಹೇಗೆ ಸಾಧ್ಯ?’ ಅಂತ ನೀವು ಕೇಳಬಹುದು. ಹೈಸ್ಕೂಲಿನಲ್ಲಿ ಓದಿದ ಪಾಠ ಅದೇ. ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಸಿನಾಯ್ ಮರುಭೂಮಿಯ ಬೆದೂಯಿನ್ ಜನ ಸುಡುಬಿಸಿಲಿನಲ್ಲಿ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಅನ್ನೋದರ ಮೇಲೆ ಶ್ಕೋಲ್ನಿಕ್, ಟೇಲರ್ ಮತ್ತು ಸಂಗಡಿಗರ ಬರಹವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಒಬ್ಬ ಮನುಷ್ಯನನ್ನು 35ರಿಂದ 46 ಡಿಗ್ರಿ ಬಿಸಿಲಿನಲ್ಲಿ, ಒಮ್ಮೆ ಕಪ್ಪು ನಿಲುವಂಗಿ, ಒಮ್ಮೆ ಬಿಳಿ ನಿಲುವಂಗಿ ಹಾಕಿಸಿ ನಿಲ್ಲಿಸಿದ್ದರು. ಕಪ್ಪು ಬಟ್ಟೆ ಹೆಚ್ಚು ಕಾದದ್ದು ನಿಜ. ಆದರೆ ಚರ್ಮದ ತನಕ ಬಂದ ಶಾಖ ಎರಡರಲ್ಲೂ ಒಂದೇ! ಹೆಚ್ಚಿನ ಶಾಖವೆಲ್ಲ ಬಟ್ಟೆಯಲ್ಲೇ ಉಳಿದು, ಗಾಳಿಯ ಜೊತೆ ಹೊರಗೇ ಹೋಗಿತ್ತು. ನಿಲುವಂಗಿ ಸಡಿಲ ಇರೋದರಿಂದ ಒಳಗೆ ಗಾಳಿ ಆಡುತ್ತದೆ. ಗುಟ್ಟು ಬಣ್ಣದಲ್ಲಿಲ್ಲ, ದಪ್ಪದಲ್ಲಿ ಮತ್ತು ಬಟ್ಟೆಗೂ ಮೈಗೂ ನಡುವಿನ ಸಂದಿನಲ್ಲಿದೆ. ನಮ್ಮ ಕಾಕಾನ ಕಂಬಳಿಯಲ್ಲೂ ಇವೆರಡೂ ಇವೆ. ಅದು ದಪ್ಪ, ಮೈಗೆ ಅಂಟೋದಿಲ್ಲ.

ಅದೇ ಕಂಬಳಿಯನ್ನು ಕುರಿ ಹುಟ್ಟುತ್ತಲೇ ಹೊದ್ದು ಬಂದಿರುತ್ತದೆ. ನಮ್ಮ ಕಡೆಯ ಜವಾರಿ ಕುರಿಗೆ ಪುಸ್ತಕದಲ್ಲಿ ಡೆಕ್ಕನಿ ತಳಿ ಅಂತ ಹೆಸರು. ಹೆಚ್ಚಿನವು ಕಪ್ಪು, ಕೆಲವಕ್ಕೆ ಅಲ್ಲಲ್ಲಿ ಬಿಳಿ ಮಚ್ಚೆ. ಒರಟು ಉಣ್ಣೆ, ಬಾಗಿದ ಮೂಗು. ಬಿಸಿಲು ನೆತ್ತಿಗೆ ಬಂದಾಗ ಇವು ಏನು ಮಾಡುತ್ತವೆ ಅಂತ ಗಮನಿಸಿದ್ದೀರಾ? ಮೇಯೋದು ನಿಲ್ಲಿಸಿ ಒಂದಕ್ಕೊಂದು ಒತ್ತಿ ನಿಂತು, ತಲೆಯನ್ನು ಪಕ್ಕದ ಕುರಿಯ ಹೊಟ್ಟೆ ಕೆಳಗೆ ತೂರಿಸುತ್ತವೆ. ಬಯಲಿನಲ್ಲಿ ಗಿಡ ಇಲ್ಲದಿದ್ದರೇನು, ಒಂದರ ನೆರಳು ಇನ್ನೊಂದಕ್ಕೆ. ಬಿಸಿಲೆಲ್ಲ ಬೆನ್ನ ಉಣ್ಣೆ ಮೇಲೆ ಬೀಳುತ್ತದೆ, ಮಿದುಳು ತಂಪಾಗಿರುತ್ತದೆ. ಉಣ್ಣೆಯ ತುದಿ ಮುಟ್ಟಿದರೆ ಬಿಸಿ, ಬೆರಳು ಬುಡಕ್ಕೆ ಇಳಿಸಿದರೆ ಅಷ್ಟು ಬಿಸಿ ಇಲ್ಲ. ನೀರಿನ ಲೆಕ್ಕದಲ್ಲೂ ಕುರಿ ಬಲು ಜಿಪುಣ. ಮೂತ್ರ ಗಟ್ಟಿ, ಹಿಕ್ಕೆಯಂತೂ ಕಡಲೆ ಕಾಳಿನ ಹಾಗೆ ಒಣ. ದೇಹ ಹೀರಬಹುದಾದ ನೀರನ್ನೆಲ್ಲ ಹೀರಿಕೊಂಡೇ ಹೊರಗೆ ಬಿಡುತ್ತದೆ.

ಒಂಟೆಯ ಕತೆಯೂ ಹೆಚ್ಚು ಕಡಿಮೆ ಇದೇ. ಡುಬ್ಬದಲ್ಲಿ ನೀರು ತುಂಬಿಕೊಂಡಿರುತ್ತದೆ ಅನ್ನೋದು ಬರೀ ಮಾತು, ಅಲ್ಲಿರೋದು ಕೊಬ್ಬು. 1950ರ ದಶಕದಲ್ಲಿ ಕ್ನೂಟ್ ಶ್ಮಿಟ್-ನೀಲ್ಸೆನ್ ಎಂಬ ವಿಜ್ಞಾನಿ ಸಹಾರಾಕ್ಕೇ ಹೋಗಿ ಒಂಟೆಗಳನ್ನು ಪರೀಕ್ಷಿಸಿದರು. ನೀರು ಸಿಗದ ಒಂಟೆ ಬೆಳಿಗ್ಗೆ ಮೈಯನ್ನು ಸುಮಾರು 34 ಡಿಗ್ರಿಗೆ ಇಳಿಸಿಕೊಂಡು, ಸಂಜೆಯ ಹೊತ್ತಿಗೆ 40 ದಾಟುವ ತನಕ ಬಿಸಿಯಾಗಲು ಬಿಡುತ್ತದೆ. ಬೆವರಿ ನೀರು ಕಳೆಯೋದಕ್ಕಿಂತ, ಶಾಖ ತುಂಬಿಟ್ಟುಕೊಂಡು ರಾತ್ರಿ ತಂಪಿನಲ್ಲಿ ಬಿಟ್ಟುಬಿಡುವ ಉಪಾಯ. ನಮಗೆ ಮೈ 40 ಡಿಗ್ರಿ ಆದರೆ ಆಸ್ಪತ್ರೆಗೆ ಓಡುತ್ತೇವೆ! ಅವರು ಇನ್ನೊಂದು ಪರೀಕ್ಷೆ ಮಾಡಿದರು. ಒಂಟೆಯ ಕೂದಲು ಕತ್ತರಿಸಿ ಬಿಸಿಲಿಗೆ ಬಿಟ್ಟರು. ಅದು ಕಳೆದುಕೊಂಡ ನೀರು ಸುಮಾರು ಒಂದೂವರೆ ಪಟ್ಟು ಆಯಿತು. ಅಂದರೆ ಆ ತುಪ್ಪಟ ಒಂಟೆಯ ಪಾಲಿಗೆ ಛತ್ರಿ. ನಾನು ಕೆಲಸ ಮಾಡುವ ಕಡೆ ಸರ್ವರ್ ರೂಮ್ ತಂಪಾಗಿಡೋಕೆ ಹಗಲು ರಾತ್ರಿ ಕರೆಂಟು ಸುಡುತ್ತೇವೆ. ಒಂಟೆ, ಕುರಿ ಎರಡೂ ಬಿಲ್ಲಿಲ್ಲದೆ ಆ ಕೆಲಸ ಮಾಡಿಕೊಳ್ಳುತ್ತವೆ.

ಬಿಸಿಲಿನ ಸೀಮೆಯವರ ಇನ್ನೊಂದು ಬಲ ಅಂದರೆ ಕಾಲು. ಬೆದೂಯಿನ್‌ರಾಗಲಿ, ರಾಜಸ್ಥಾನದ ರಾಯ್ಕಾಗಳಾಗಲಿ ಒಂದೇ ಕಡೆ ಕೂತವರಲ್ಲ. ನಮ್ಮ ಹಾಲುಮತದ ಕುರಿಗಾರರೂ ಹಾಗೇ. ಕುದುರೆ ಮೇಲೆ ಪಾತ್ರೆ-ಪಡಗ, ಎಳೆ ಮರಿ ಏರಿಸಿ ತಿಂಗಳುಗಟ್ಟಲೆ ನಡೆಯುತ್ತಾರೆ. ಮೇವು ತಮ್ಮ ಹತ್ತಿರ ಬರೋದಿಲ್ಲ, ಮೇವಿದ್ದಲ್ಲಿಗೆ ತಾವೇ ಹೋಗಬೇಕು. ರಾತ್ರಿ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲದವರು ಕಾಳು ಕೊಡುತ್ತಾರೆ, ರೊಕ್ಕ ಕೊಡುತ್ತಾರೆ. ಬೆಳಿಗ್ಗೆ ಹೊಲಕ್ಕೆ ಹಿಕ್ಕೆ ಗೊಬ್ಬರ ಸಿಕ್ಕಿರುತ್ತದೆ. ದಾರಿಯಲ್ಲಿ ಮಳೆ ಬಂದರೂ ಅದೇ ಕಂಬಳಿ. ಹುಣಸೆ ಬೀಜದ ಗಂಜಿ ಕುಡಿದ ಒರಟು ಉಣ್ಣೆ ಮಳೆ ನೀರನ್ನು ಬೇಗ ಒಳಗೆ ಬಿಡೋದಿಲ್ಲ. ಬಿಸಿಲಿಗೆ ಛತ್ರಿ, ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಅದೇ ಗದ್ದುಗೆ.

ಕಾಕಾನ ಹಿಂಡಿನ ಸುತ್ತ ತೆಳು ಹೊಟ್ಟೆ, ಉದ್ದ ಕಾಲಿನ ನಾಯಿಯೊಂದು ಓಡಾಡುತ್ತಿತ್ತು. ಪಕ್ಕದ ಮುಧೋಳದ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದು ಇದೇ ಮುಧೋಳ ನಾಯಿ. ಕಾರವಾನ್ ಅಂತಲೂ ಇದಕ್ಕೆ ಹೆಸರಿದೆ. ಇದರ ಉಪಾಯ ಕುರಿಯ ಉಪಾಯಕ್ಕೆ ತದ್ವಿರುದ್ಧ. ತುಪ್ಪಟವಿಲ್ಲದ ತೆಳು ಮೈ, ಹಾಗಾಗಿ ಶಾಖ ಬೇಗ ಹೊರಗೆ ಹೋಗುತ್ತದೆ. ಕೆಲಸವಿಲ್ಲದಾಗ ಜಾಲಿ ಗಿಡದ ಬುಡದಲ್ಲಿ ಮಣ್ಣು ಕೆದರಿ ತಂಪು ಹುಡುಕಿ ಮಲಗಿಬಿಡುತ್ತದೆ.

ಇಷ್ಟೆಲ್ಲ ಮಾತಾಡಿ ಹೊರಡುವಾಗ ಹಿಂಡಿನ ಕಡೆ ಸರಿಯಾಗಿ ನೋಡಿದೆ. ಕರಿ ಕುರಿ ಅರ್ಧಕ್ಕಿಂತ ಕಡಿಮೆ. ಉಳಿದವು ಎತ್ತರದ, ಕಂದು-ಬಿಳಿ ಬಣ್ಣದ ಮಡಗ್ಯಾಳ ಕುರಿಗಳು. ಗಡಿಯಾಚೆ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ತಳಿ. ಮೈಮೇಲೆ ಉಣ್ಣೆ ಇಲ್ಲ ಅನ್ನುವಷ್ಟು ಕಡಿಮೆ.

‘ಕರೀವು ಎಲ್ಲಿ ಹೋದುವು ಕಾಕಾ?’

‘ಮಾರಿದೆ. ಉಣ್ಣಿ ಯಾರ ತಗೋತಾರ? ವರ್ಷಕ್ಕ ಎರಡ ಸಲ ಕತ್ತರಸಬೇಕು. ಕತ್ತರಸವರ ಕೂಲಿ ಉಣ್ಣಿ ರೊಕ್ಕಕ್ಕಿಂತ ಹೆಚ್ಚ ಆಗತೈತಿ. ಹ್ವಾದ ಸಲ ಹಳ್ಳದ ದಂಡಿಗೆ ಚೆಲ್ಲಿ ಬಂದೆ. ಮಡಗ್ಯಾಳ ಮರಿ ಸಂತ್ಯಾಗ ಚಲೋ ರೇಟಿಗೆ ಹೋಗತೈತಿ.’

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಅಂದರು: ‘ಖರೇ ಹೇಳ್ತೇನಿ, ಕರೀವು ನಡದಷ್ಟು ಇವು ನಡ್ಯಾಂಗಿಲ್ಲ. ಆದ್ರ ಈಗ ನಡ್ಯಾಕ ದಾರಿನರ ಎಲ್ಲೈತಿ? ಎಲ್ಲಿ ನೋಡಿದ್ರೂ ಕಬ್ಬು, ತಂತಿ ಬೇಲಿ. ಮಗಾ ಐಟಿಐ ಮುಗಿಸ್ಯಾನ, ಕುರಿ ಕಾಯಾಕ ಒಲ್ಲೆ ಅಂತಾನ. ದೀಪಾವಳಿ ಹೊತ್ತಿಗೆ ಉಳಿದ ಕರೀವೂ ಕೊಟ್ಟು ಬಿಡ್ತೇನಿ.’

ಅವರ ಲೆಕ್ಕದಲ್ಲಿ ತಪ್ಪಿಲ್ಲ. ನೀರಾವರಿ ಬಂದದ್ದು ಒಳ್ಳೆಯದೇ, ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದೂ ಅದೇ ಕಬ್ಬಿನ ದುಡ್ಡು. ಮಗ ಕುರಿ ಹಿಂದೆ ಹೋಗಲಿ ಅಂತ ಬೆಂಗಳೂರಿನ ಏಸಿಯಲ್ಲಿ ಕೂತ ನಾನು ಯಾವ ಬಾಯಿಂದ ಹೇಳಲಿ? ಆದರೆ ಒಂದು ಮಾತು ಕೊರೆಯುತ್ತದೆ. ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತಿರುವ ಕಾಲದಲ್ಲೇ, ಬಿಸಿಲು ತಾಳುವುದಕ್ಕೆ ನೂರಾರು ವರ್ಷ ಕೂತು ತಯಾರಾದ ಕುರಿಯನ್ನು, ಕಂಬಳಿಯನ್ನು ನಾವು ಹಳ್ಳಕ್ಕೆ ಚೆಲ್ಲುತ್ತಿದ್ದೇವೆ. ತಳಿ ಒಮ್ಮೆ ಬೆರಕೆಯಾಗಿ ಕರಗಿದರೆ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳೋಕೆ ಬರೋದಿಲ್ಲ.

ಮರುದಿನ ಕಾಕಾನ ಮನೆಗೆ ಹೋಗಿ ಒಂದು ಒಪ್ಪಂದ ಮಾಡಿಕೊಂಡೆ. ಇಪ್ಪತ್ತು ಕರಿ ಕುರಿ ಅವರು ಇಟ್ಟುಕೊಳ್ಳಬೇಕು, ಮುಂದಿನ ಎರಡೂ ಕತ್ತರಿಯ ಉಣ್ಣೆ ನಾನು ಕೊಳ್ಳುತ್ತೇನೆ, ಕೂಲಿ ಸೇರಿಸಿ. ನೂಲೋಕೆ ಕಾಕೂ ಒಪ್ಪಿದ್ದಾರೆ. ‘ಕೈ ಮರತಿಲ್ಲ, ಕಣ್ಣಷ್ಟ ಮಂಜ ಆಗ್ಯಾವ’ ಅಂತ ನಕ್ಕರು. ನೇಯುವವರನ್ನು ಹುಡುಕಬೇಕಾಗಿದೆ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ಕಂಬಳಿ ಮಗ್ಗಗಳಿವೆ. ಮೂಡಲಗಿ ಹತ್ತಿರದಲ್ಲೇ ಯಾರಾದರೂ ಸಿಕ್ಕರೆ ಇನ್ನೂ ಒಳ್ಳೆಯದು. ಎಷ್ಟು ಕಂಬಳಿ ಆಗುತ್ತವೋ ಗೊತ್ತಿಲ್ಲ. ಒಂದು ನನಗೆ, ಉಳಿದವಕ್ಕೆ ಆಫೀಸಿನ ಗೆಳೆಯರು ಈಗಲೇ ಹೆಸರು ಬರೆಸಿದ್ದಾರೆ. ‘ಚುಚ್ಚುತ್ತಾ?’ ಅಂತ ಎಲ್ಲರದೂ ಒಂದೇ ಪ್ರಶ್ನೆ. ಹೌದು, ಮೊದಮೊದಲು ಚುಚ್ಚುತ್ತದೆ, ಹೊದೆಯುತ್ತಾ ಹೊದೆಯುತ್ತಾ ಮೆತ್ತಗಾಗುತ್ತದೆ ಅಂತ ಹೇಳಿಟ್ಟಿದ್ದೇನೆ.