ಹೆಬ್ಬೆಟ್ಟು ಮತ್ತು ಗುಪ್ತಸಂಖ್ಯೆ

ಹಣ ಕೈಗೆ ಬರಬೇಕಾದರೆ ನಾವು ಏನಾದರೊಂದು ಗುರುತನ್ನು ಒತ್ತಬೇಕು ಎಂಬುದು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ನಂಬಿಕೆ. ನಂಬಿಕೆ ಎನ್ನುವುದಕ್ಕಿಂತ ಅನುಭವ ಎಂದರೆ ಹೆಚ್ಚು ಸರಿಯಾದೀತು. ಗೊಳಸಂಗಿಯಿಂದ ಗೋವೆಗೋ ಮುಂಬಯಿಗೋ ದುಡಿಯಲು ಹೋದ ಮಕ್ಕಳು ಕಳುಹಿಸಿದ ಮನಿಯಾರ್ಡರನ್ನು ಹೊತ್ತು ಅಂಚೆಯವನು ಬಂದಾಗ, ಮನೆಯ ಮುದುಕಿ ಕೈಯನ್ನು ಸೆರಗಿನಿಂದ ಒರೆಸಿಕೊಂಡು ಹೆಬ್ಬೆರಳನ್ನು ಮುಂದೆ ಚಾಚುತ್ತಿದ್ದಳು. ಮಸಿಯ ಗುರುತು ಮೂಡಿ, ಸಾಕ್ಷಿಯ ಸಹಿ ಬಿದ್ದ ಮೇಲೆಯೇ ನೋಟುಗಳ ಎಣಿಕೆ. ಸಾಲಿಯ ಮಾಸ್ತರನಾಗಿದ್ದ ನಾನು ಅಂಥ ಎಷ್ಟೋ ಕಾಗದಗಳಿಗೆ ಸಾಕ್ಷಿ ಹಾಕಿದ್ದೇನೆ. ವೃದ್ಧಾಪ್ಯ ವೇತನಕ್ಕೆ ಹೆಬ್ಬೆಟ್ಟು, ಭೂಮಿಯ ಪರಿಹಾರಕ್ಕೆ ಹೆಬ್ಬೆಟ್ಟು, ಈಚೆಗೆ ಪಡಿತರದ ಅಕ್ಕಿಗೂ ಯಂತ್ರದ ಮೇಲೆ ಹೆಬ್ಬೆಟ್ಟು. ಪಡೆಯುವವನು ಒತ್ತಬೇಕು, ಕೊಡುವವನು ಅದನ್ನು ನೋಡಿ ಕೊಡಬೇಕು. ಇದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

೨೦೧೬ರಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯು.ಪಿ.ಐ. ಎಂಬ ಏರ್ಪಾಡನ್ನು ಬಳಕೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಅದು ನಮ್ಮ ಚಹದ ಅಂಗಡಿಯ ಕಂಬಕ್ಕೂ, ಕಾಯಿಪಲ್ಲೆ ಮಾರುವವಳ ಬುಟ್ಟಿಯ ಅಂಚಿಗೂ ಬಂದು ಅಂಟಿಕೊಂಡಿತು. ಚಿಲ್ಲರೆಯ ಜಗಳ ತಪ್ಪಿತು. ವಿಜಯಪುರದಲ್ಲಿ ಓದುವ ಮಗನಿಗೆ ಕುಳಿತಲ್ಲಿಂದಲೇ ಊಟದ ಹಣ ಕಳುಹಿಸುವಂತಾಯಿತು. ನಾನು ಈ ಅನುಕೂಲವನ್ನು ಹಳಿಯುವವನಲ್ಲ. ಆದರೆ ಅದು ಸದ್ದಿಲ್ಲದೆ ಹಳೆಯ ಕ್ರಮವನ್ನು ತಲೆಕೆಳಗು ಮಾಡಿತೆಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಇಲ್ಲಿ ಒತ್ತಬೇಕಾದವನು ಕೊಡುವವನು. ಪಡೆಯುವವನು ಏನನ್ನೂ ಒತ್ತಬೇಕಾಗಿಲ್ಲ. ಪಿನ್ ಎಂಬ ನಾಲ್ಕು ಅಥವಾ ಆರು ಅಂಕಿಗಳ ಗುಪ್ತಸಂಖ್ಯೆ ಹಣ ಕಳುಹಿಸುವಾಗ ಬೇಕು, ಖಾತೆಯಲ್ಲಿ ಎಷ್ಟು ಶಿಲ್ಕು ಇದೆಯೆಂದು ನೋಡುವಾಗ ಬೇಕು. ಹಣ ಬರುವುದಕ್ಕೆ ಎಂದೂ ಬೇಡ. ಅದು ರಸೀದಿಯ ಮೇಲಿನ ಹೆಬ್ಬೆಟ್ಟಲ್ಲ, ಚೆಕ್ಕಿನ ಮೇಲಿನ ಸಹಿ.

ಈ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಮನಸ್ಸಿಗೆ ಹತ್ತಿದ್ದು ನೆರೆಮನೆಯ ಒಕ್ಕಲಿಗನೊಬ್ಬನ ಸಂಗತಿಯಿಂದ. ೨೦೨೩ರ ದೀಪಾವಳಿಯ ಹಿಂದುಮುಂದಿನಲ್ಲಿ ಅವನು ಒಂದು ಎಮ್ಮೆಯನ್ನು ಮಾರಬೇಕೆಂದಿದ್ದ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಎಮ್ಮೆಯ ಚಿತ್ರ ತೆಗೆದು, ಬೆಲೆಯನ್ನೂ ಅಜ್ಜನ ದೂರವಾಣಿ ಸಂಖ್ಯೆಯನ್ನೂ ಸೇರಿಸಿ ಮೊಬೈಲಿನಲ್ಲಿ ಪ್ರಕಟಿಸಿದಳು. ಮರುದಿನ ಅವಳು ಶಾಲೆಗೆ ಹೋದ ಮೇಲೆ ಕರೆ ಬಂತು. ಕರೆದವನು ತಾನು ಸೈನ್ಯದಲ್ಲಿರುವವನೆಂದೂ, ಊರಿನಲ್ಲಿರುವ ತಂದೆಗಾಗಿ ಎಮ್ಮೆ ಕೊಳ್ಳುವೆನೆಂದೂ ಹೇಳಿದ. ಬೆಲೆಯಲ್ಲಿ ಚೌಕಾಶಿ ಮಾಡಲಿಲ್ಲ. ಎಮ್ಮೆಯನ್ನು ಕೊಳ್ಳುವವನು ಅದರ ಹಲ್ಲನ್ನೂ ಕೆಚ್ಚಲನ್ನೂ ನೋಡದೆ ಬೆಲೆಗೆ ಒಪ್ಪುವನೆಂದರೆ ಅವನಿಗೆ ಬೇಕಾದದ್ದು ಎಮ್ಮೆಯಲ್ಲ ಎಂದು ಸಂತೆಯಲ್ಲಾಗಿದ್ದರೆ ನನ್ನ ನೆರೆಯವನೇ ಹೇಳುತ್ತಿದ್ದ. ಮೊಬೈಲಿನ ಸಂತೆಯಲ್ಲಿ ಅವನಿಗೆ ಆ ಮಾತು ಹೊಳೆಯಲಿಲ್ಲ. ಮೊದಲು ಐದು ರೂಪಾಯಿ ನಿಜವಾಗಿಯೇ ಬಂತು. ಆಮೇಲೆ, ಸೈನ್ಯದ ನಿಯಮದಂತೆ ಮುಂಗಡವು ಕಂತುಕಂತಾಗಿ ಬರುವುದೆಂದೂ, ಪ್ರತಿ ಕಂತಿಗೂ ಪಿನ್ ಒತ್ತಿ ಒಪ್ಪಿಗೆ ಕೊಡಬೇಕೆಂದೂ ಆ ಮನುಷ್ಯ ಸಮಾಧಾನದಿಂದ ತಿಳಿಸಿದ. ಇವನು ಒತ್ತಿದ. ಮೊಬೈಲು ಟಿಣ್ ಎಂದಿತು. ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಬಂತು. ಬಂದದ್ದು ಹಣವೇ ಎಂದು ತಿಳಿದು ಮತ್ತೆ ಒತ್ತಿದ. ಹೀಗೆ ಒಂಬತ್ತು ಸಲ, ಸಲಕ್ಕೆ ೧,೯೯೯ ರೂಪಾಯಿ.

ಸಂಜೆ ಮೊಮ್ಮಗಳು ಆ ಸಾಲುಗಳನ್ನು ಓದಿ, "ಅಜ್ಜಾ, ಇವು ಬಂದಾವಲ್ಲ, ಹೋಗ್ಯಾವ" ಎಂದಳಂತೆ.

ಮುಂದೆ ನಡೆದದ್ದು ಹಣ ಹೋದದ್ದಕ್ಕಿಂತ ಕೆಟ್ಟದ್ದು. ಗೋವೆಯಲ್ಲಿ ದುಡಿಯುವ ಮಗನಿಗೆ ತಿಳಿದರೆ ಏನೆಂದುಕೊಂಡಾನು ಎಂದು ಅಜ್ಜ ಬಾಯಿಬಿಡಲಿಲ್ಲ. ಚಿತ್ರ ಹಾಕಿದವಳು ತಾನೇ, ಇನ್ನು ಮೊಬೈಲನ್ನು ಮುಟ್ಟಗೊಡುವುದಿಲ್ಲ, ಬಹುಶಃ ಶಾಲೆಯನ್ನೂ ಬಿಡಿಸಿಯಾರು ಎಂದು ಮೊಮ್ಮಗಳು ಬಾಯಿಬಿಡಲಿಲ್ಲ. ನಾಲ್ಕು ದಿನ ಆ ಮನೆಯಲ್ಲಿ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ಉಂಡರು. ಐದನೆಯ ದಿನ ಹುಡುಗಿ ನನ್ನಲ್ಲಿಗೆ ಬಂದು ಅತ್ತಳು. ನಾನು ಹೋಗಿ ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: "ರೊಕ್ಕ ತಗೋಬೇಕಂದ್ರ ಸಹಿ ಮಾಡಬೇಕಲ್ಲರಿ, ಮಾಸ್ತರ?" ಜೀವಮಾನವೆಲ್ಲ ಅವನು ಕಂಡದ್ದು ಅದನ್ನೇ. ಅವನನ್ನು ದಡ್ಡನೆನ್ನಲು ನನಗೆ ಮನಸ್ಸು ಬರಲಿಲ್ಲ, ಈಗಲೂ ಬರುವುದಿಲ್ಲ.

ನಮ್ಮ ಜಿಲ್ಲೆಗೆ ಮೂಡಣ ದಿಕ್ಕಿನಲ್ಲಿ ಸುರಪುರವಿದೆ. ಮುಂದೆ ಅಲ್ಲಿ ಅಧಿಕಾರಿಯಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲನು ೧೮೩೯ರಲ್ಲಿ, ಠಕ್ಕನೊಬ್ಬನು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವಂತೆ ಒಂದು ಕಾದಂಬರಿಯನ್ನು ಬರೆದು ಪ್ರಕಟಿಸಿದನು. ಠಕ್ಕರು ದಾರಿಹೋಕರ ಮೇಲೆ ಒಮ್ಮೆಲೇ ಎರಗುವವರಾಗಿರಲಿಲ್ಲ. ಸಭ್ಯ ವರ್ತಕರಂತೆ ಜೊತೆಗೂಡಿ, ಮುಂದಿನ ದಾರಿಯಲ್ಲಿ ಕಳ್ಳರ ಭಯವಿದೆ, ಕೂಡಿ ಹೋಗೋಣ ಎನ್ನುತ್ತಿದ್ದರು. ಇಂದಿನ ಠಕ್ಕನ ವರಸೆಯೂ ಅದೇ. 'ನಿಮ್ಮ ಖಾತೆಗೆ ಅಪಾಯ ಬಂದಿದೆ, ಕಾಪಾಡಲು ಕರೆ ಮಾಡಿದ್ದೇನೆ' ಎಂದು ಅವನು ಆರಂಭಿಸುತ್ತಾನೆ. 'ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆಯ ವಿದ್ಯುತ್ತನ್ನು ಕಡಿಯಲಾಗುವುದು' ಎಂದು ಬರೆದು, ಕೆಳಗೆ ತನ್ನದೇ ಮೊಬೈಲ್ ಸಂಖ್ಯೆಯನ್ನು ಕೊಡುತ್ತಾನೆ. ಕಿಸಾನ್ ಸಮ್ಮಾನದ ಕಂತು ನಿಂತಿದೆಯೆಂದೋ, ಮದುವೆಯ ಕರೆಯೋಲೆಯೆಂದೋ ಹೇಳಿ ಎ.ಪಿ.ಕೆ. ಎಂದು ಕೊನೆಗೊಳ್ಳುವ ಒಂದು ಕಡತವನ್ನು ಕಳುಹಿಸುತ್ತಾನೆ. ಅದನ್ನು ಮೊಬೈಲಿನಲ್ಲಿ ಸ್ಥಾಪಿಸಿ ಅದು ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ, ನಮಗೆ ಬರುವ ಸಂದೇಶಗಳು ಅವನಿಗೂ ಕಾಣಿಸುತ್ತವೆ. ಹೆಸರು ಬದಲಾಗುವ ಸಮಯವೆಂದರೆ ಅವನಿಗೆ ಸುಗ್ಗಿ. ೨೦೨೦ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ೨೦೨೫ರ ಮೇ ತಿಂಗಳಿನಲ್ಲಿ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಕೂಡಿ ಒಂದಾದವು. ಅಂಥ ದಿನಗಳಲ್ಲಿ 'ಹೊಸ ಬ್ಯಾಂಕಿಗೆ ನಿಮ್ಮ ವಿವರ ಕೊಡಿ' ಎಂದು ಯಾರಾದರೂ ಕೇಳಿದರೆ ಅದು ಸಹಜವಾಗಿಯೇ ಕಾಣುತ್ತದೆ.

ಇಂಥ ಮೋಸಕ್ಕೆ ಇಂಗ್ಲಿಷಿನಲ್ಲಿ 'ಫಿಶಿಂಗ್' ಎನ್ನುತ್ತಾರೆ. ಮೀನು ಹಿಡಿಯುವುದೆಂಬ ಪದದ ಮೊದಲ ಅಕ್ಷರವನ್ನಷ್ಟೇ ಮಾರ್ಪಡಿಸಿ, ೧೯೯೦ರ ದಶಕದ ನಡುವಿನಲ್ಲಿ ಅಮೆರಿಕದ ಗಣಕಯಂತ್ರದ ಕಳ್ಳರು ಕಟ್ಟಿದ ಮಾತಂತೆ. ಆಲಮಟ್ಟಿಯ ಹಿನ್ನೀರಿನಲ್ಲಿ ಗಾಳ ಹಾಕಿ ಕುಳಿತವರನ್ನು ಕಂಡವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ.

ಗುರುತಿಸುವುದಕ್ಕೆ ಕೆಲವು ಗುರುತುಗಳಿವೆ. ಬ್ಯಾಂಕುಗಳ ಜಾಲತಾಣದ ವಿಳಾಸಗಳು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದಿರಬೇಕೆಂದು ರಿಸರ್ವ್ ಬ್ಯಾಂಕು ೨೦೨೫ರಲ್ಲಿ ವಿಧಿಸಿತು. ವಿಳಾಸದ ಮೊದಲ ಒಂಟಿ ಓರೆಗೆರೆಗೆ ಸರಿಯಾಗಿ ಮುಂಚೆಯೇ, ನಡುವೆ ಬೇರೇನೂ ಇಲ್ಲದೆ, ಆ ಮಾತಿದೆಯೇ ಎಂದು ನೋಡಬೇಕು. ಬ್ಯಾಂಕಿನ ಹೆಸರು ಬೇರೆಲ್ಲಿ ಎಷ್ಟು ಅಂದವಾಗಿ ಬರೆದಿದ್ದರೂ ಲೆಕ್ಕಕ್ಕಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ 'ಹಣ ಕೊಡಿ' ಎಂಬ ಕೋರಿಕೆ ಕಳುಹಿಸುವ ಸೌಲಭ್ಯವನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ನಿಲ್ಲಿಸಲಾಯಿತು. ಒಂದು ಬಾಗಿಲು ಮುಚ್ಚಿತು, ಸಂತೋಷ. ಆದರೆ ಠಕ್ಕನು ವೇಷ ಬದಲಿಸಲು ಹೆಚ್ಚು ಕಾಲ ತೆಗೆದುಕೊಳ್ಳುವುದಿಲ್ಲ. ವೇಷ ಯಾವುದಾದರೂ ಅವನು ಅವಸರಪಡಿಸುತ್ತಾನೆ, ಕರೆಯನ್ನು ಕಡಿಯಗೊಡುವುದಿಲ್ಲ, ಮನೆಯವರನ್ನು ಕೇಳಲು ಬಿಡುವುದಿಲ್ಲ. ನಮ್ಮ ಕಡೆಯವರಿಗೆ ಇಲ್ಲಿಯೇ ತೊಡಕು. ದೊಡ್ಡವರು ಮಾತಾಡುತ್ತಿರುವಾಗ ಎದ್ದು ಹೋಗಬಾರದೆಂದು ಕಲಿತವರು ನಾವು. ಅಧಿಕಾರಿಯೆಂದು ಹೇಳಿಕೊಂಡವನ ಕರೆಯನ್ನು ಅರ್ಧಕ್ಕೆ ಕಡಿಯುವುದು ನಮಗೆ ಅಸಭ್ಯತೆಯೆನಿಸುತ್ತದೆ. ಈ ಒಂದು ಅಸಭ್ಯತೆಯನ್ನು ಮಕ್ಕಳು ತಮ್ಮ ಅಜ್ಜ ಅಜ್ಜಿಯರಿಗೆ ಕಲಿಸಬೇಕಾಗಿದೆ. ಕರೆ ಕಡಿದು, ಪಾಸ್‌ಬುಕ್ಕಿನ ಮೇಲಿರುವ ಸಂಖ್ಯೆಗೆ ತಾವೇ ಕರೆ ಮಾಡಲಿ, ಇಲ್ಲವೆ ಶಾಖೆಗೆ ನಡೆದುಹೋಗಲಿ.

ಹಣ ಹೋದುದು ತಿಳಿದೊಡನೆ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಬೇಕು. ಕೇಂದ್ರ ಗೃಹ ಮಂತ್ರಾಲಯದ ಏರ್ಪಾಡು ಅದು. ಹಣ ಹೋದ ಹೊತ್ತು, ಮೊತ್ತ, ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ ಇಷ್ಟನ್ನು ಹೇಳಿದರೆ, ಆ ವಿಷಯ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣದ ಜಾಡನ್ನೇ ಹಿಡಿದು ಹೋಗುತ್ತದೆ. ಹಣ ಯಾವ ಖಾತೆಯಲ್ಲಿ ಸಿಕ್ಕರೆ ಅಲ್ಲಿಯೇ ಅದನ್ನು ತಡೆಹಿಡಿಯುತ್ತಾರೆ. ಕಳ್ಳನು ಅದನ್ನು ನಾಲ್ಕಾರು ಖಾತೆಗಳಿಗೆ ಹಂಚಿ, ಯಂತ್ರದಿಂದ ನೋಟುಗಳಾಗಿ ತೆಗೆದುಬಿಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ. ಆದುದರಿಂದ ಮೊದಲ ಒಂದೆರಡು ಗಂಟೆಗಳಿಗೆ ಬೆಲೆ. ಬ್ಯಾಂಕಿಗೂ ಒಡನೆಯೇ ತಿಳಿಸಬೇಕು. ತಿಳಿಸಿದ ಅನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು ೨೦೧೭ರ ಜುಲೈ ತಿಂಗಳಿನಲ್ಲಿಯೇ ಸೂಚಿಸಿತ್ತು. ಅದಕ್ಕೆ ಮುಂಚಿನದು, ತಾನೇ ಗುಪ್ತಸಂಖ್ಯೆಯನ್ನು ಬಿಟ್ಟುಕೊಟ್ಟವನದು. ನಾಚಿಕೆಯಿಂದ ಸುಮ್ಮನಿದ್ದ ಒಂದೊಂದು ಗಂಟೆಯೂ ಕಳ್ಳನಿಗೆ ನಾವು ಕೊಟ್ಟ ಕಂತು. ಸಂತೆಯಲ್ಲಿ ಕಿಸೆ ಕತ್ತರಿಸಿಹೋದವನು ಕೂಗಿಕೊಳ್ಳುತ್ತಾನೆ, ಸುತ್ತಲಿನವರು ಓಡಿಬರುತ್ತಾರೆ. ಮೊಬೈಲಿನಲ್ಲಿ ಹಣ ಕಳೆದುಕೊಂಡವನನ್ನು ಕಂಡರೆ ಮಾತ್ರ ನಾವು ನಗುತ್ತೇವೆ. ಆ ನಗೆಗೆ ಅಂಜಿಯೇ ನನ್ನ ನೆರೆಯವನು ನಾಲ್ಕು ದಿನ ಕಳೆದದ್ದು.

ಐದನೆಯ ದಿನ ನಾವು ಕರೆ ಮಾಡಿದೆವು. ವಿಜಯಪುರಕ್ಕೆ ಹೋಗಿ ದೂರನ್ನೂ ಬರೆಸಿದೆವು. ಒಂಬತ್ತು ಕಂತುಗಳಲ್ಲಿ ಏಳು ಆಗಲೇ ಕರಗಿಹೋಗಿದ್ದವು. ಉಳಿದೆರಡರ ೩,೯೯೮ ರೂಪಾಯಿ ಯಾವುದೋ ದೂರದ ಊರಿನ ಖಾತೆಯಲ್ಲಿ ಸಿಕ್ಕಿ, ನ್ಯಾಯಾಲಯದ ಆದೇಶವಾಗಿ, ಬಹಳ ತಿಂಗಳುಗಳ ಮೇಲೆ ಹಿಂದಿರುಗಿತು. ಎಮ್ಮೆಯೂ ಅಷ್ಟರಲ್ಲಿ ಸಂತೆಯಲ್ಲಿ ಕಡಿಮೆ ಬೆಲೆಗೆ ಮಾರಿಹೋಗಿತ್ತು. ಹಣ ಮುಟ್ಟಿದ್ದಕ್ಕೆ ಒಂದು ಕಾಗದದ ಮೇಲೆ ಅವನ ಸಹಿ ಬೇಕಾಗಿತ್ತು. ಮೊಮ್ಮಗಳ ಕೈಯಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿಸಿ, ನನ್ನನ್ನೂ ಒಮ್ಮೆ ಓದಲು ಹೇಳಿ, ಆಮೇಲೆ ಅವನು ಪೆನ್ನನ್ನು ಕೈಗೆ ತೆಗೆದುಕೊಂಡ.